250 ಅಂಕಕ್ಕೆ ಮೂರು ದಾರಿ: ಉಕ್ರೇನಿಗೆ ಹೋದ ನಮ್ಮ ಮೆಡಿಕಲ್ ವಿದ್ಯಾರ್ಥಿಗಳ ಪ್ರಕರಣ

ಮಗ ಫಾರಿನ್ನಲ್ಲಿ ಓದುತ್ತಾನೆ ಅಂದರೆ ಸಾಕು, ಅಪ್ಪ ದುಡ್ಡಿನ ಕುಳ ಅಂತ ಊರು ತೀರ್ಮಾನ ಮಾಡಿಬಿಡುತ್ತದೆ. ಅಮೆರಿಕಕ್ಕೆ ಎಂ.ಎಸ್. ಮಾಡಲು ಹೋಗುವವರ ಮಟ್ಟಿಗೆ ಅದು ಅಷ್ಟಿಷ್ಟು ನಿಜ ಇರಬಹುದು. ಎಂಬಿಬಿಎಸ್‌ಗೆಂದು ಉಕ್ರೇನಿಗೆ ಹೋದವರ ಮಟ್ಟಿಗೆ ಲೆಕ್ಕ ಉಲ್ಟಾ. ನಿಜವಾದ ದುಡ್ಡಿನ ಕುಳಗಳ ಮಕ್ಕಳು ಬೆಂಗಳೂರು, ಮಂಗಳೂರಲ್ಲೇ ಉಳಿದರು. ವಿಮಾನ ಹತ್ತಿದ್ದು ಅವರಿಗಿಂತ ಒಂದು ಮೆಟ್ಟಿಲು ಕೆಳಗಿದ್ದವರು. ಬಸ್ ಕಂಡಕ್ಟರ್, ಹೈಸ್ಕೂಲ್ ಮೇಷ್ಟ್ರು, ಗೊಬ್ಬರದ ಅಂಗಡಿಯವರು, ಏಳೆಂಟು ಎಕರೆ ಹೊಲ ಇದ್ದವರು, ಇಂಥವರ ಮಕ್ಕಳು. ಅದಕ್ಕೂ ಕೆಳಗಿನವರು ಡಾಕ್ಟರ್ ಆಗುವ ಆಸೆಯನ್ನೇ ಬಿಟ್ಟು ಬೇರೆ ಕೋರ್ಸು ಹಿಡಿದರು. ಅವರ ಸುದ್ದಿ ಯಾವ ಚಾನೆಲ್ಲಿನಲ್ಲೂ ಬರಲಿಲ್ಲ.

ನಾನು ಹಾವೇರಿ ಕಡೆಯ ಒಂದು ಪಿಯು ಕಾಲೇಜಿನಲ್ಲಿ ಪಾಠ ಮಾಡುವವನು. ಸೈನ್ಸ್ ಮಕ್ಕಳು ಎಲ್ಲಿಗೆ ಹೋಗುತ್ತಾರೆ, ಯಾಕೆ ಹೋಗುತ್ತಾರೆ, ಯಾಕೆ ಹೋಗುವುದಿಲ್ಲ ಅನ್ನುವುದನ್ನು ಪ್ರತಿ ಬೇಸಿಗೆಯಲ್ಲೂ ಹತ್ತಿರದಿಂದ ನೋಡುತ್ತೇನೆ. 2019ರಲ್ಲಿ ನಮ್ಮಲ್ಲಿ ಓದು ಮುಗಿಸಿದ ಇಬ್ಬರು ಹುಡುಗರ ವಿಷಯ ಈ ಬರಹದಲ್ಲಿ ಬರುತ್ತದೆ. ಹೆಸರು ಬೇಡ. ಒಬ್ಬ ಉಕ್ರೇನಿನ ಹಾರ್ಕಿವ್‌ಗೆ ಹೋದ, ಇನ್ನೊಬ್ಬ ಹೋಗಲಿಲ್ಲ. ಮೆಡಿಕಲ್ ಪ್ರವೇಶ ಪರೀಕ್ಷೆ ನೀಟ್‌ನಲ್ಲಿ ಇಬ್ಬರ ಅಂಕವೂ 720ಕ್ಕೆ 250ರ ಆಚೀಚೆ.

ಮೊದಲು ಹೊರಗೆ ಎಲ್ಲರಿಗೂ ಗೊತ್ತಾದದ್ದನ್ನು ಬೇಗ ಹೇಳಿಬಿಡುತ್ತೇನೆ.

2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿತು. ಹಾರ್ಕಿವ್ ನಗರ ರಷ್ಯಾ ಗಡಿಯಿಂದ 40 ಕಿಲೋಮೀಟರ್ ದೂರ ಅಷ್ಟೆ. ವಿದ್ಯಾರ್ಥಿಗಳು ಮೆಟ್ರೋ ಸ್ಟೇಷನ್ನು, ಹಾಸ್ಟೆಲಿನ ನೆಲಮಾಳಿಗೆಗಳಲ್ಲಿ ಕೂತರು. ಭಾರತ ಸರ್ಕಾರ ಆಪರೇಷನ್ ಗಂಗಾ ಶುರುಮಾಡಿ 90 ವಿಮಾನಗಳಲ್ಲಿ ಜನರನ್ನು ಕರೆತಂದಿತು. ಒಟ್ಟು ಸುಮಾರು 22,500 ಭಾರತೀಯರು ವಾಪಸಾದರು, ಅವರಲ್ಲಿ ಬಹುಪಾಲು ಮೆಡಿಕಲ್ ಓದುತ್ತಿದ್ದವರು. ಮಾರ್ಚ್ 1ರಂದು ಹಾರ್ಕಿವ್‌ನಲ್ಲಿ ಊಟದ ಸಾಮಾನಿಗೆ ಅಂಗಡಿ ಮುಂದೆ ನಿಂತಿದ್ದ ನಮ್ಮ ಹಾವೇರಿ ಜಿಲ್ಲೆಯ ನಾಲ್ಕನೇ ವರ್ಷದ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಬಲಿಯಾದ. ಪಿಯುಸಿಯಲ್ಲಿ 97 ಪರ್ಸೆಂಟ್ ತೆಗೆದರೂ ಇಲ್ಲಿ ಸೀಟು ಸಿಗಲಿಲ್ಲ, ಅದಕ್ಕೇ ಅಷ್ಟು ದೂರ ಕಳಿಸಬೇಕಾಯಿತು ಎಂದು ಅವನ ತಂದೆ ಟಿವಿಯವರ ಮುಂದೆ ಹೇಳಿದ್ದನ್ನು ಇಡೀ ರಾಜ್ಯ ಕೇಳಿತು. ಮೂರು ವಾರಗಳ ನಂತರ ದೇಹ ಊರಿಗೆ ಬಂತು. ಮನೆಯವರು ಅದನ್ನು ದಾವಣಗೆರೆಯ ಮೆಡಿಕಲ್ ಕಾಲೇಜೊಂದಕ್ಕೆ ದಾನ ಮಾಡಿದರು.

ಅದೇ ಹೊತ್ತಿನಲ್ಲಿ ಧಾರವಾಡದ ಸಂಸದ, ಕೇಂದ್ರ ಸಚಿವ ಪ್ರಲ್ಹಾದ ಜೋಶಿ, ಹೊರದೇಶದಲ್ಲಿ ಮೆಡಿಕಲ್ ಓದುವವರಲ್ಲಿ ಶೇ 90ರಷ್ಟು ಜನ ಇಲ್ಲಿನ ಅರ್ಹತಾ ಪರೀಕ್ಷೆ ಪಾಸಾಗುವುದಿಲ್ಲ ಎಂದಿದ್ದರು. ದೊಡ್ಡ ಗದ್ದಲ ಆಯಿತು. ದಡ್ಡರು ಹೋಗುತ್ತಾರೋ, ಬಡವರು ಹೋಗುತ್ತಾರೋ ಅನ್ನುವುದೇ ಚರ್ಚೆ. ನನ್ನ ಪ್ರಕಾರ ಎರಡೂ ತಪ್ಪು.

ಸೀಟಿನ ರೇಟು

2019ರ ನೀಟ್ ತೆಗೆದುಕೊಳ್ಳಿ. 14.10 ಲಕ್ಷ ಜನ ಬರೆದರು. 7.97 ಲಕ್ಷ ಜನ ಅರ್ಹರಾದರು. ದೇಶದಲ್ಲಿದ್ದ ಎಂಬಿಬಿಎಸ್ ಸೀಟು 80 ಸಾವಿರದ ಆಸುಪಾಸು. ಅಂದರೆ ಒಂದು ಸೀಟಿಗೆ ಹತ್ತು ಮಂದಿ 'ಅರ್ಹರು'. ಸಾಮಾನ್ಯ ವರ್ಗದ ಕಟ್‌ಆಫ್ 720ಕ್ಕೆ 134. ಮೀಸಲಾತಿ ಇರುವವರಿಗೆ 107. ಇಷ್ಟು ಕಡಿಮೆ ಅಂಕಕ್ಕೆ ಅರ್ಹತೆ ಯಾಕೆ ಇಟ್ಟರು ಅಂತ ಯಾರೂ ಕೇಳುವುದಿಲ್ಲ. ಅರ್ಹರ ಸಾಲು ಉದ್ದ ಇದ್ದರೆ ತಾನೆ ದುಬಾರಿ ಸೀಟುಗಳು ಖಾಲಿ ಉಳಿಯದೆ ತುಂಬುವುದು? ಮೇಲಿನ 80 ಸಾವಿರ ಜನರನ್ನಷ್ಟೇ ಅರ್ಹರು ಅಂದರೆ, ಅವರಲ್ಲಿ ಕೋಟಿ ರೂಪಾಯಿ ಕೊಡುವ ತಾಕತ್ತು ಎಷ್ಟು ಜನಕ್ಕಿದ್ದೀತು?

ಕರ್ನಾಟಕದಲ್ಲಿ ಸೀಟಿಗೆ ನಾಲ್ಕು ಥರದ ರೇಟು. ಸರ್ಕಾರಿ ಕಾಲೇಜಿನಲ್ಲಿ ವರ್ಷಕ್ಕೆ 50–60 ಸಾವಿರ ರೂಪಾಯಿ. ಖಾಸಗಿ ಕಾಲೇಜಿನ ಸರ್ಕಾರಿ ಕೋಟಾದಲ್ಲಿ ಆಗ ಲಕ್ಷದ ಆಸುಪಾಸು. ಅದೇ ಕಾಲೇಜಿನ ಖಾಸಗಿ ಕೋಟಾದಲ್ಲಿ ಆಗ 8 ಲಕ್ಷದ ಹತ್ತಿರ, ಈಗ 10 ಲಕ್ಷ ದಾಟಿದೆ. ಎನ್‌ಆರ್‌ಐ ಮತ್ತು ಮ್ಯಾನೇಜ್‌ಮೆಂಟ್ ಸೀಟು 20 ಲಕ್ಷದಿಂದ ಮೇಲಕ್ಕೆ. ಒಂದೇ ಕ್ಲಾಸು, ಅದೇ ಬೆಂಚು, ಅದೇ ಮೇಷ್ಟ್ರು. ನಾಲ್ಕೂವರೆ ವರ್ಷಕ್ಕೆ ಒಬ್ಬ ಐದು ಲಕ್ಷ ಕೊಟ್ಟಿರುತ್ತಾನೆ, ಪಕ್ಕದವನು ಕೋಟಿ.

ಈಗ 250 ಅಂಕ ತೆಗೆದ ಸಾಮಾನ್ಯ ವರ್ಗದ ಹುಡುಗನನ್ನು ನೋಡಿ. ಮೊದಲ ಎರಡು ಬಾಗಿಲು ಅವನಿಗೆ ಮುಚ್ಚಿವೆ. ಮೂರನೆಯದೂ ಮುಚ್ಚಿದೆ, 8 ಲಕ್ಷ ಕೊಡುತ್ತೇನೆ ಅಂದರೂ ರ್‍ಯಾಂಕ್ ಸಾಲದು. ನಾಲ್ಕನೆಯದು ಮಾತ್ರ ತೆರೆದಿದೆ. ಅಪ್ಪನ ಹತ್ತಿರ ಕೋಟಿ ಇದ್ದರೆ ಅವನು ಮನೆ ಊಟ ಮಾಡಿಕೊಂಡು ಬೆಂಗಳೂರಿನಲ್ಲೇ ಡಾಕ್ಟರ್ ಆಗುತ್ತಾನೆ. ಎನ್‌ಆರ್‌ಐ ಕೋಟಾಗೆ ಅನಿವಾಸಿ ನೆಂಟ ಒಬ್ಬ ಬೇಕು. ಅದೇನು ಕಷ್ಟದ ಮಾತಲ್ಲ, ದೊಡ್ಡಪ್ಪನ ಅಳಿಯನೋ ಚಿಕ್ಕಮ್ಮನ ಮೈದುನನೋ ದುಬೈನಲ್ಲಿ ಸಿಕ್ಕೇ ಸಿಗುತ್ತಾನೆ. ಈ ಕೋಟಾವನ್ನು ದೂರದ ನೆಂಟರಿಗೂ ಹಿಗ್ಗಿಸಲು ಪಂಜಾಬ್ ಸರ್ಕಾರ ಹೊರಟಾಗ, 2024ರಲ್ಲಿ, ಸುಪ್ರೀಂ ಕೋರ್ಟು ಇದು ವಂಚನೆ ಎಂದೇ ಹೇಳಿತು.

ಕೋಟಿ ಇಲ್ಲದೆ 25–30 ಲಕ್ಷ ಹೊಂದಿಸಬಲ್ಲ ಮನೆ ಆದರೆ ಉಕ್ರೇನು. ಅಲ್ಲಿ ವರ್ಷಕ್ಕೆ 4–5 ಸಾವಿರ ಡಾಲರ್ ಫೀಸು, ಆಗಿನ ಲೆಕ್ಕದಲ್ಲಿ ಮೂರರಿಂದ ಮೂರೂಮುಕ್ಕಾಲು ಲಕ್ಷ. ಆರು ವರ್ಷಕ್ಕೆ ಊಟ, ಹಾಸ್ಟೆಲು, ವಿಮಾನದ ಚಾರ್ಜು ಎಲ್ಲ ಸೇರಿ ಆ ಮೊತ್ತದೊಳಗೆ ಮುಗಿಯುತ್ತಿತ್ತು. ಸೋವಿಯತ್ ಕಾಲದಲ್ಲಿ ಸರ್ಕಾರವೇ ಕಟ್ಟಿದ ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳು ಅವು. ಹಾರ್ಕಿವ್‌ನ ಮೆಡಿಕಲ್ ಶಿಕ್ಷಣದ ಚರಿತ್ರೆ 1805ಕ್ಕೆ ಹೋಗುತ್ತದೆ. 1991ರಲ್ಲಿ ದೇಶ ಬೇರೆಯಾದ ಮೇಲೆ ಅವುಗಳಿಗೆ ಡಾಲರ್ ಬೇಕಿತ್ತು, ನಮ್ಮವರಿಗೆ ಸೀಟು ಬೇಕಿತ್ತು.

25 ಲಕ್ಷವೂ ಇಲ್ಲದ ಮನೆಗೆ ಮೂರನೇ ದಾರಿ. ಬಿ.ಎಸ್ಸಿ. ನರ್ಸಿಂಗ್, ಪ್ಯಾರಾಮೆಡಿಕಲ್, ಇಲ್ಲವೇ ಸುಮ್ನೆ ಒಂದು ಬಿ.ಎಸ್ಸಿ.

ಹಾಗಾಗಿ 250 ಅಂಕ ಒಬ್ಬನನ್ನು ಡಾಕ್ಟರ್ ಮಾಡುತ್ತದೋ ಇಲ್ಲವೋ ಎಂಬುದನ್ನು ಆ ಅಂಕ ತೀರ್ಮಾನಿಸುವುದಿಲ್ಲ. ಮನೆಯ ಆಸ್ತಿ, ಅದರಲ್ಲೂ ಎಂಥ ಆಸ್ತಿ ಅನ್ನುವುದು ತೀರ್ಮಾನಿಸುತ್ತದೆ. ಈ 'ಎಂಥ ಆಸ್ತಿ' ಅನ್ನುವುದು ನನಗೆ ಅರ್ಥವಾಗಿದ್ದು ಬ್ಯಾಂಕಿನಲ್ಲಿ.

ಹೊಲದ ಉತಾರ ನಡೆಯುವುದಿಲ್ಲ

ನಮ್ಮ ಮೊದಲನೇ ಹುಡುಗನ ಅಪ್ಪ ಸಾರಿಗೆ ಸಂಸ್ಥೆಯಲ್ಲಿ ಕಂಡಕ್ಟರ್. ಅಮ್ಮ ಅಂಗನವಾಡಿ ಕಾರ್ಯಕರ್ತೆ. ಐದು ಎಕರೆ ಹೊಲ, ಊರಲ್ಲಿ ಅಜ್ಜ ಕಟ್ಟಿಸಿದ ಮನೆ. ಹಳ್ಳಿಯ ಲೆಕ್ಕದಲ್ಲಿ ಗಟ್ಟಿ ಕುಳವೇ. ಸಾಲಕ್ಕೆ ಅರ್ಜಿ ಹಾಕುವಾಗ ಕಾಲೇಜಿನಿಂದ ಕಾಗದಪತ್ರ ಬೇಕಿತ್ತು ಅಂತ ನಾನೂ ಜೊತೆಗೆ ಹೋಗಿದ್ದೆ. ಯಾವ ಬ್ಯಾಂಕು ಅನ್ನುವುದು ಇಲ್ಲಿ ಮುಖ್ಯ ಅಲ್ಲ, ಎಲ್ಲ ಕಡೆಯೂ ನಿಯಮ ಹೆಚ್ಚುಕಡಿಮೆ ಅದೇ. ನಾಲ್ಕು ಲಕ್ಷದವರೆಗೆ ಆಧಾರ ಕೇಳುವುದಿಲ್ಲ. ಏಳೂವರೆ ಲಕ್ಷದವರೆಗೆ ಒಬ್ಬರ ಜಾಮೀನು ಸಾಕು. ಅದರ ಮೇಲೆ ಹೋದರೆ ಸ್ಥಿರಾಸ್ತಿ ಅಡ ಇಡಬೇಕು. ಹೊರದೇಶದ ಓದಾದರೆ ಖರ್ಚಿನ ಶೇ 15ರಷ್ಟನ್ನು ಮನೆಯವರೇ ಕೈಯಿಂದ ಹಾಕಬೇಕು. ಇಲ್ಲೇ ಓದುವುದಾದರೆ ಶೇ 5 ಸಾಕು.

ಕಂಡಕ್ಟರ್ ಸಾಹೇಬರು ಹೊಲದ ಉತಾರವನ್ನು ಪ್ಲಾಸ್ಟಿಕ್ ಫೈಲಿನಲ್ಲಿ ಜೋಪಾನವಾಗಿ ತಂದಿದ್ದರು. ಮ್ಯಾನೇಜರ್ ಅದನ್ನು ಬಿಡಿಸಿ ಕೂಡ ನೋಡಲಿಲ್ಲ.

"ಹೊಲದ ಉತಾರ ನಡಿಯಂಗಿಲ್ರೀ. ಎನ್.ಎ. ಆಗಿರೋ ಸೈಟ್ ಐತೇನು?"

"ಮನಿ ಐತ್ರೀ ಸಾಹೇಬ್ರ. ನಮ್ಮಪ್ಪ ಕಟ್ಟಿಸಿದ್ದು."

"ಇ-ಸ್ವತ್ತು ಆಗೇತೇನು?"

"ಅರ್ಜಿ ಕೊಟ್ಟೇವ್ರೀ. ಪಂಚಾಯ್ತಿಯೊಳಗ ಇನ್ನಾ ಆಗಿಲ್ಲ."

ಎನ್.ಎ. ಅಂದರೆ ಕೃಷಿಯೇತರ ಬಳಕೆಗೆ ಬದಲಾದ ಜಾಗ, ಇ-ಸ್ವತ್ತು ಅಂದರೆ ಪಂಚಾಯ್ತಿ ಕೊಡುವ ಆಸ್ತಿ ದಾಖಲೆ. ಮ್ಯಾನೇಜರ್ ಕೆಟ್ಟವರಲ್ಲ. ಸಾಲ ವಸೂಲಿಗೆ ಬ್ಯಾಂಕುಗಳ ಕೈಯಲ್ಲಿರುವ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ. ರೈತರ ಹೊಲ ಹರಾಜಾಗಬಾರದು ಅಂತ ಮಾಡಿದ ಒಳ್ಳೆಯ ರಕ್ಷಣೆ ಅದು. ಆದರೆ ಅದೇ ಕಾರಣಕ್ಕೆ ಹೊಲವನ್ನು ಶಿಕ್ಷಣ ಸಾಲಕ್ಕೆ ಆಧಾರವಾಗಿ ಇಟ್ಟುಕೊಳ್ಳಲು ಬ್ಯಾಂಕುಗಳು ಹಿಂದೇಟು ಹಾಕುತ್ತವೆ. ಐದು ಎಕರೆಯ ಯಜಮಾನನಿಗೆ ಬೀಜ, ಗೊಬ್ಬರಕ್ಕೆ ಸಾಲ ಸಿಗುತ್ತದೆ, ಮಗನ ಓದಿಗೆ ಸಿಗುವುದಿಲ್ಲ. ಪೇಟೆಯಲ್ಲಿ 30–40ರ ಸೈಟು ಇದ್ದವನಿಗೆ ಮಾತೇ ಬೇರೆ. ಹಳ್ಳಿ ಮನೆಗೆ ದಾಖಲೆ ನೆಟ್ಟಗಿಲ್ಲದ್ದಕ್ಕೆ ಕಾರಣ ಅಜ್ಜನ ಕಾಲದಲ್ಲಿ ಯಾರೂ ದಾಖಲೆ ಕೇಳುತ್ತಿರಲಿಲ್ಲ ಅನ್ನುವುದಷ್ಟೇ.

ಕೊನೆಗೆ ಕೆಲಸ ಆಗಿದ್ದು ಹುಡುಗನ ಸೋದರಮಾವನಿಂದ. ಅವರು ಹುಬ್ಬಳ್ಳಿಯಲ್ಲಿ ಕೊಂಡಿಟ್ಟಿದ್ದ ಒಂದು ಸೈಟನ್ನು ಅಕ್ಕನ ಮಗನಿಗಾಗಿ ಅಡ ಇಟ್ಟರು. ಕೈಯಿಂದ ಹಾಕಬೇಕಾದ ದುಡ್ಡಿಗೆ ಕಂಡಕ್ಟರ್ ಒಂದೂವರೆ ಎಕರೆ ಮಾರಿದರು, ಅಮ್ಮನ ಬಂಗಾರ ಸೊಸೈಟಿಗೆ ಹೋಯಿತು.

ಎರಡನೇ ಹುಡುಗನ ಅಪ್ಪ ಎಪಿಎಂಸಿಯಲ್ಲಿ ಹಮಾಲಿ. ಹುಡುಗ ಪರಿಶಿಷ್ಟ ಜಾತಿಯವನು. ಮೀಸಲಾತಿ ಇದ್ದರೂ ಆ ವರ್ಷ 250ಕ್ಕೆ ಸರ್ಕಾರಿ ಸೀಟು ಅವನ ಕೈಗೆ ಎಟುಕಲಿಲ್ಲ. ಇನ್ನೊಂದು ವರ್ಷ ಲಾಂಗ್ ಟರ್ಮ್ ಕೋಚಿಂಗ್ ಮಾಡಿದ್ದರೆ ಎಟುಕುತ್ತಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ. ಹುಡುಗ ಜಾಣ. ಆದರೆ ಕೋಚಿಂಗ್ ಫೀಸು, ಹಾಸ್ಟೆಲು ಸೇರಿ ಲಕ್ಷಕ್ಕೂ ಜಾಸ್ತಿ ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ ಒಂದು ವರ್ಷ ಬೇಕಿತ್ತು. ದುಡಿಯುವ ವಯಸ್ಸಿನ ಮಗನನ್ನು ವರ್ಷವಿಡೀ ಕೂರಿಸಿ ಓದಿಸುವುದು ಸಂಬಳ ಬರುವ ಮನೆಗೆ ಸುಲಭ, ದಿನಗೂಲಿ ಮನೆಗೆ ಅಲ್ಲ. ಅವನಿಗೆ ಸೈಟು ಇರುವ ಸೋದರಮಾವನೂ ಇರಲಿಲ್ಲ. ಇರುವ ಇಬ್ಬರು ಮಾವಂದಿರೂ ಅದೇ ಎಪಿಎಂಸಿಯಲ್ಲಿ ಮೂಟೆ ಹೊರುತ್ತಿದ್ದರು.

ಹೊರದೇಶದ ಓದಿಗೆ ಪರಿಶಿಷ್ಟರಿಗೆ ಸರ್ಕಾರದ ಸ್ಕಾಲರ್‌ಶಿಪ್ ಇದೆಯಲ್ಲ, ಅಂತ ಯಾರಾದರೂ ಕೇಳಬಹುದು. ಇದೆ. ಕೇಂದ್ರದ ನ್ಯಾಷನಲ್ ಓವರ್ಸೀಸ್ ಸ್ಕಾಲರ್‌ಶಿಪ್ ಮಾಸ್ಟರ್ಸ್ ಮತ್ತು ಪಿಎಚ್.ಡಿ.ಗೆ ಮಾತ್ರ. ಅದೂ ಇಡೀ ದೇಶಕ್ಕೆ 125 ಜನಕ್ಕೆ. ಅಲ್ಪಸಂಖ್ಯಾತರ ಹೊರದೇಶದ ಓದಿನ ಸಾಲಕ್ಕೆ ಬಡ್ಡಿ ತುಂಬುತ್ತಿದ್ದ ಪಢೋ ಪರದೇಶ್ ಯೋಜನೆ ಕೂಡ ಮಾಸ್ಟರ್ಸ್‌ನಿಂದ ಮೇಲಕ್ಕಿತ್ತು. 2022–23ರಲ್ಲಿ ಅದನ್ನೂ ನಿಲ್ಲಿಸಿದರು. ಬಡವರ ಮಕ್ಕಳ ಶಿಕ್ಷಣ ಸಾಲದ ಬಡ್ಡಿ ಮನ್ನಾ ಮಾಡುವ ಕೇಂದ್ರದ ಯೋಜನೆ ಭಾರತದೊಳಗಿನ ಕೋರ್ಸುಗಳಿಗಷ್ಟೇ. ಪಿಯುಸಿ ಮುಗಿಸಿ ಹೊರಗೆ ಹೋಗಿ ಡಿಗ್ರಿ ಓದುವವನಿಗೆ ದಿಲ್ಲಿಯ ಈ ಯೋಜನೆಗಳಲ್ಲಿ ಯಾವುದೂ ಒದಗುವುದಿಲ್ಲ. ಮನೆಯ ಆಸ್ತಿಯೇ ಸ್ಕಾಲರ್‌ಶಿಪ್.

ಎರಡನೇ ಹುಡುಗ ಬಿ.ಎಸ್ಸಿ. ನರ್ಸಿಂಗ್ ಸೇರಿದ.

ಹೋಟೆಲಿನ ಹಾಲ್‌ನಲ್ಲಿ

ಏಜೆಂಟರ ಬಗ್ಗೆ ಜಾಸ್ತಿ ಹೇಳುವ ಅಗತ್ಯ ಇಲ್ಲ, ಎಲ್ಲರಿಗೂ ಗೊತ್ತಿರುವ ಕತೆ. ಹುಬ್ಬಳ್ಳಿಯ ಹೋಟೆಲೊಂದರ ಹಾಲ್‌ನಲ್ಲಿ ಸೆಮಿನಾರು. ಬಂದವರಿಗೆಲ್ಲ ಒಂದು ಫೋಲ್ಡರು, ಒಂದು ಪ್ಲೇಟ್ ಕೇಸರಿಬಾತ್. "ವೆಜ್ ಮೆಸ್ ಐತ್ರೀ ಕಾಕಾ, ನಮ್ಮ ಕನ್ನಡದ ಹುಡುಗ್ರ ಅದಾರ, ಚಿಂತಿ ಬ್ಯಾಡ" ಅನ್ನುವ ಭರವಸೆ. ನಾನು ಗಮನಿಸಿದ್ದು ತಾಯಿ ತಂದೆಯರು ಕೇಳುತ್ತಿದ್ದ ಪ್ರಶ್ನೆಗಳನ್ನು. ಊಟ, ಚಳಿ, ಹಾಸ್ಟೆಲಿನಲ್ಲಿ ಹೆಣ್ಣುಮಕ್ಕಳಿಗೆ ಬೇರೆ ಮಹಡಿ ಇದೆಯಾ, ಇಷ್ಟೇ. ವಾಪಸ್ ಬಂದ ಮೇಲೆ ಇಲ್ಲಿ ಡಾಕ್ಟರ್ ಅನ್ನಿಸಿಕೊಳ್ಳಲು ಬರೆಯಬೇಕಾದ ಎಫ್‌ಎಂಜಿಇ ಪರೀಕ್ಷೆಯ ಬಗ್ಗೆ ಒಬ್ಬರೂ ಕೇಳಲಿಲ್ಲ. ಕೇಳಲು ಅದೊಂದಿದೆ ಅಂತ ಗೊತ್ತಿರಬೇಕಲ್ಲ. ಮನೆಯಲ್ಲಿ, ಬಳಗದಲ್ಲಿ ಒಬ್ಬ ಡಾಕ್ಟರ್ ಇದ್ದವರು ಅದನ್ನು ಒಂದು ಫೋನಿನಲ್ಲಿ ತಿಳಿದುಕೊಳ್ಳುತ್ತಾರೆ. ಇಲ್ಲದವರಿಗೆ ತಿಳಿಸುವವನು ಏಜೆಂಟ್ ಒಬ್ಬನೇ, ಅವನಿಗೆ ಅದನ್ನು ತಿಳಿಸಿ ಆಗಬೇಕಾದದ್ದೇನೂ ಇಲ್ಲ.

ಆ ಪರೀಕ್ಷೆ 2002ರಿಂದ ಇದೆ. 300 ಪ್ರಶ್ನೆ, 150 ಬಂದರೆ ಪಾಸು, ವರ್ಷಕ್ಕೆ ಎರಡು ಸಲ. ಆ ವರ್ಷಗಳಲ್ಲಿ ಸರಾಸರಿ ಐದು ಜನರಲ್ಲಿ ಒಬ್ಬರು ಪಾಸಾಗುತ್ತಿದ್ದರು ಅಷ್ಟೆ. ಇದನ್ನು ಮುಚ್ಚಿಟ್ಟು ಹೊರಗೆ ಓದಿದವರನ್ನೆಲ್ಲ ಹೊಗಳುವುದರಲ್ಲಿ ಅರ್ಥವಿಲ್ಲ. ಅಲ್ಲಿನ ಆಸ್ಪತ್ರೆಯ ರೋಗಿ ಉಕ್ರೇನಿಯನ್ ಇಲ್ಲವೇ ರಷ್ಯನ್ ಮಾತಾಡುತ್ತಾನೆ. ಇಂಗ್ಲಿಷಿನಲ್ಲಿ ಪಾಠ ಕೇಳಿದ ನಮ್ಮ ಹುಡುಗ ಅವನ ಹಾಸಿಗೆ ಪಕ್ಕ ನಿಂತು ಏನು ಕಲಿತಾನು? ಭಾಷೆ ಚೆನ್ನಾಗಿ ಕಲಿತವರೂ ಇದ್ದರು, ಕಲಿಯದವರೇ ಜಾಸ್ತಿ. ಪಾಸಾಗದವರಲ್ಲಿ ಎಷ್ಟೋ ಜನ ಸಣ್ಣ ಆಸ್ಪತ್ರೆಗಳಲ್ಲಿ ಡಾಕ್ಟರೂ ಅಲ್ಲದ ನರ್ಸೂ ಅಲ್ಲದ ಕೆಲಸಕ್ಕೆ ಸೇರಿ, ಹೊಟ್ಟೆಪಾಡಿಗೆ ದುಡಿಯುತ್ತಾ ಮತ್ತೆ ಮತ್ತೆ ಪರೀಕ್ಷೆ ಕಟ್ಟುತ್ತಾರೆ.

ಆದರೆ ಒಂದು ಹೋಲಿಕೆ ಮಾಡಲೇಬೇಕು. ಅದೇ 250 ಅಂಕದಲ್ಲಿ ಕೋಟಿ ಕೊಟ್ಟು ಇಲ್ಲೇ ಓದಿದವನು ಎಫ್‌ಎಂಜಿಇ ಬರೆಯುವುದಿಲ್ಲ. ತನ್ನ ವಿಶ್ವವಿದ್ಯಾಲಯದ ಪರೀಕ್ಷೆ ಪಾಸಾದರೆ ಅವನು ಡಾಕ್ಟರ್. ಇಬ್ಬರನ್ನೂ ಒಂದೇ ಪರೀಕ್ಷೆಗೆ ಕೂರಿಸುವ ನೆಕ್ಸ್ಟ್ ಎಂಬುದನ್ನು 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆಯಲ್ಲೇ ಹೇಳಿದ್ದಾರೆ. 2023ರ ಜುಲೈನಲ್ಲಿ ಅದನ್ನು ಮುಂದೂಡಿದರು. ಅದು ಬಂದರೆ ಐದರಲ್ಲಿ ಒಬ್ಬ ಅನ್ನುವ ಲೆಕ್ಕ ಯಾರ್‍ಯಾರಿಗೆ ಹೊಂದುತ್ತದೆ ಅಂತ ನೋಡುವ ಕುತೂಹಲ ನನಗಿದೆ.

ವಾಪಸ್ ಬಂದ ಮೇಲೆ

ನಮ್ಮ ಹುಡುಗ ಮೂರನೇ ವರ್ಷದಲ್ಲಿದ್ದ. ನೆಲಮಾಳಿಗೆಯಲ್ಲಿ ಕೆಲವು ದಿನ, ಆಮೇಲೆ ನಡೆದು, ರೈಲು ಹತ್ತಿ, ಗಡಿ ದಾಟಿ ಬಂದ. ಮನೆಗೆ ಮುಟ್ಟಿದ ಸಂಜೆ ಬಳಗವೆಲ್ಲ ಸೇರಿತ್ತು, ನಾನೂ ಹೋಗಿದ್ದೆ. ಅಮ್ಮ ಆರತಿ ಮಾಡಿದರು. ಸ್ವಲ್ಪ ಹೊತ್ತಿನ ಮೇಲೆ ಸೋದರಮಾವನ ಹೆಂಡತಿ ಅಡುಗೆಮನೆ ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದ್ದು ನನ್ನ ಕಿವಿಗೂ ಬಿತ್ತು: "ಸೈಟಿನ ಗತಿ ಏನ್ರೀ ಈಗ?" ಅವರನ್ನು ನಾನು ಬಯ್ಯುವುದಿಲ್ಲ. ಬಡ್ಡಿ ಓಡುತ್ತಲೇ ಇತ್ತು. ಓದುವ ಕಾಲ ಮತ್ತು ಅದರ ಮೇಲೊಂದು ವರ್ಷ ಕಂತು ಕಟ್ಟಬೇಕಿಲ್ಲ ನಿಜ, ಬಡ್ಡಿಗೆ ಆ ರಿಯಾಯಿತಿ ಇಲ್ಲ.

ರಾಜ್ಯದ ವೈದ್ಯಕೀಯ ಶಿಕ್ಷಣ ಸಚಿವರಾಗಿದ್ದ ಕೆ. ಸುಧಾಕರ್ ವಾಪಸ್ ಬಂದವರಿಗೆ ರಾಜ್ಯದ ಮೆಡಿಕಲ್ ಕಾಲೇಜುಗಳಲ್ಲಿ ಕಲಿಕೆ ಮುಂದುವರಿಸಲು ಅನುಕೂಲ ಮಾಡಿಕೊಡುತ್ತೇವೆ ಎಂದು ಮಾರ್ಚ್‌ನಲ್ಲಿ ಹೇಳಿದರು. ಮನೆಮನೆಯಲ್ಲಿ ಆಸೆ ಚಿಗುರಿತು. ಆದರೆ ಸೀಟು ಕೊಡುವ ಅಧಿಕಾರ ರಾಜ್ಯದ ಕೈಯಲ್ಲಿ ಇರಲಿಲ್ಲ. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 2022ರ ಸೆಪ್ಟೆಂಬರಿನಲ್ಲಿ ಕೇಂದ್ರ ಅಲ್ಲಿ ಒಂದು ಅಫಿಡವಿಟ್ ಹಾಕಿತು. ಈ ಇಡೀ ಪ್ರಕರಣದಲ್ಲಿ ಅದಕ್ಕಿಂತ ನೇರವಾದ ದಾಖಲೆ ನನಗೆ ಸಿಕ್ಕಿಲ್ಲ. ಈ ವಿದ್ಯಾರ್ಥಿಗಳು ಹೊರಗೆ ಹೋಗಿದ್ದಕ್ಕೆ ಎರಡು ಕಾರಣ, ಒಂದು ನೀಟ್‌ನಲ್ಲಿ ಕಡಿಮೆ ಮೆರಿಟ್, ಇನ್ನೊಂದು ಅಲ್ಲಿನ ಓದು ಕೈಗೆಟುಕುವಂಥದ್ದು ಎಂಬುದು ಅದರ ವಾದ. ಇವರಿಗೆ ಇಲ್ಲಿನ ಒಳ್ಳೆಯ ಕಾಲೇಜುಗಳಲ್ಲಿ ಜಾಗ ಕೊಟ್ಟರೆ, ಸೀಟು ಸಿಗದೆ ಉಳಿದ ಬೇರೆಯವರು ಕೋರ್ಟಿಗೆ ಬರುತ್ತಾರೆ. ಖಾಸಗಿ ಕಾಲೇಜುಗಳಲ್ಲಿ ಕೊಟ್ಟರೆ ಅಲ್ಲಿನ ಫೀಸು ಕಟ್ಟಲು ಇವರಿಗೆ ಮತ್ತೆ ಆಗುವುದಿಲ್ಲ. ಹೀಗಂತ ಸರ್ಕಾರವೇ ಬರೆದುಕೊಟ್ಟಿತು.

ಮೊದಲನೇ ಮಾತು ನ್ಯಾಯವಾದದ್ದೇ. 500 ಅಂಕ ತೆಗೆದು ಸೀಟು ಸಿಗದೆ ಊರಲ್ಲಿ ಉಳಿದವನನ್ನು ಬಿಟ್ಟು 250ರವನಿಗೆ ಸರ್ಕಾರಿ ಸೀಟು ಕೊಡುವುದು ಸರಿಯಲ್ಲ. ನಮ್ಮ ಎರಡನೇ ಹುಡುಗನ ಮುಖ ನೆನೆಸಿಕೊಂಡರೂ ನನಗೆ ಹಾಗೇ ಅನ್ನಿಸುತ್ತದೆ. ನನ್ನನ್ನು ಚುಚ್ಚಿದ್ದು ಎರಡನೇ ಮಾತು. ನಮ್ಮ ಖಾಸಗಿ ಕಾಲೇಜುಗಳ ಫೀಸನ್ನು ಕಂಡಕ್ಟರ್ ಮಗ ಕಟ್ಟಲಾರ ಅನ್ನುವುದು ಸರ್ಕಾರಕ್ಕೆ ಚೆನ್ನಾಗಿಯೇ ಗೊತ್ತು. ಗೊತ್ತಿದ್ದು ಅದನ್ನು ಸಮಸ್ಯೆ ಅಂತ ಹೇಳಲಿಲ್ಲ, ತನ್ನ ಕೈ ಕಟ್ಟಿರುವುದಕ್ಕೆ ಕಾರಣ ಅಂತ ಹೇಳಿತು.

ಕೊನೆಗೆ 2023ರ ಮಾರ್ಚ್‌ನಲ್ಲಿ ಒಂದು ದಾರಿ ಮಾಡಿಕೊಟ್ಟರು. ಕೋರ್ಸಿನ ಕೊನೆಯ ಹಂತದಲ್ಲಿದ್ದವರು ಯಾವ ಕಾಲೇಜಿಗೂ ಸೇರದೆ ಇಲ್ಲಿನ ಎಂಬಿಬಿಎಸ್ ಫೈನಲ್ ಪರೀಕ್ಷೆ ಬರೆಯಬಹುದು. ಪಾಸಾದರೆ ಎರಡು ವರ್ಷ ಇಂಟರ್ನ್‌ಶಿಪ್, ಅದರಲ್ಲಿ ಮೊದಲ ವರ್ಷ ಸಂಬಳ ಇಲ್ಲ. ಈ ಸಲಕ್ಕೆ ಮಾತ್ರ, ಮುಂದೆ ಇದನ್ನು ಉದಾಹರಣೆ ಮಾಡಿಕೊಂಡು ಯಾರೂ ಕೇಳುವಂತಿಲ್ಲ. ಒಂದು ವರ್ಷ ಬಿಟ್ಟಿ ದುಡಿಯುವುದು ಕೆಲವರಿಗೆ ಏನೂ ಅಲ್ಲ. ಸಾಲದ ಮನೆಗೆ ಅದು ಇನ್ನೂ ಒಂದು ವರ್ಷದ ಖರ್ಚು.

ಮೂರನೇ ವರ್ಷದಲ್ಲಿದ್ದ ನಮ್ಮ ಹುಡುಗನಿಗೆ ಅದೂ ಅನ್ವಯಿಸಲಿಲ್ಲ. ಅವನ ಜೊತೆಯವರು ಹೇಗೆ ಹರಿದು ಹಂಚಿಹೋದರು ಅಂತ ಕೇಳಿದರೆ ಭೂಪಟ ಬಿಡಿಸಬೇಕು. ಕೆಲವರು ಯುದ್ಧದ ನಡುವೆಯೇ ಲ್ವಿವ್, ತೆರ್ನೋಪಿಲ್ ಕಡೆ ವಾಪಸ್ ಹೋದರು. ಕೆಲವರು ಜಾರ್ಜಿಯಾಗೆ. ಉಜ್ಬೇಕಿಸ್ತಾನದ ಸಮರ್‌ಕಂದದ ವಿಶ್ವವಿದ್ಯಾಲಯ ಒಂದೇ ಉಕ್ರೇನಿನಿಂದ ಬಂದ ಸಾವಿರಕ್ಕೂ ಹೆಚ್ಚು ಭಾರತೀಯರನ್ನು ಸೇರಿಸಿಕೊಂಡಿತು. ನಮ್ಮವನೂ ಅಲ್ಲಿಗೇ ಹೋದ. ಒಂದು ಸೆಮಿಸ್ಟರ್ ಹಿಂದೆ ಬಿತ್ತು, ಫೀಸು ಹೊಸದಾಗಿ ಕಟ್ಟಬೇಕಾಯಿತು. ಕಂಡಕ್ಟರ್ ಮತ್ತೆ ಒಂದು ಎಕರೆ ಕೊಟ್ಟರು. ಎರಡನೇ ಸಲ ವಿಮಾನ ಹತ್ತಿಸಲು ಆಗದ ಮನೆಗಳೂ ಇದ್ದವು. ಅಂಥ ಒಬ್ಬ ಹುಡುಗಿ ನಮ್ಮ ತಾಲ್ಲೂಕಿನಲ್ಲೇ ಇದ್ದಾಳೆ. ಎರಡು ವರ್ಷ ಮೆಡಿಕಲ್ ಓದಿ, ಅದನ್ನು ಬಿಟ್ಟು ಈಗ ಬೇರೆ ಡಿಗ್ರಿ ಮುಗಿಸಿದ್ದಾಳೆ. ಮನೆಯಲ್ಲಿ ತಮ್ಮನೂ ಓದುವವನಿದ್ದ. ಎರಡರಲ್ಲಿ ಒಂದು ಅಂತ ಬಂದಾಗ ಯಾರದ್ದು ನಿಲ್ಲುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ.

ಕರ್ನಾಟಕವೇ ಯಾಕೆ

ಸೋಜಿಗ ಅಂದರೆ, ದೇಶದಲ್ಲಿ ಅತಿ ಹೆಚ್ಚು ಮೆಡಿಕಲ್ ಸೀಟುಗಳಿರುವ ರಾಜ್ಯಗಳಲ್ಲಿ ನಮ್ಮದೂ ಒಂದು. 1953ರಲ್ಲೇ ಮಣಿಪಾಲದಲ್ಲಿ ಖಾಸಗಿ ಮೆಡಿಕಲ್ ಕಾಲೇಜು ಶುರುವಾದ ನಾಡು ಇದು. ಕ್ಯಾಪಿಟೇಷನ್, ಅಂದರೆ ಸೀಟಿಗಾಗಿ ಕೀಳುವ ಡೊನೇಷನ್, ಇಲ್ಲಿ ಹಳೆಯ ಮಾತು. ಅದನ್ನು ನಿಷೇಧಿಸಲು 1984ರಲ್ಲೇ ಕಾಯ್ದೆ ಮಾಡಿದರು. ಆದರೂ ಉತ್ತರ ಪ್ರದೇಶದ ವಿದ್ಯಾರ್ಥಿನಿಯೊಬ್ಬಳ ಮೊಕದ್ದಮೆ ಸುಪ್ರೀಂ ಕೋರ್ಟು ಮುಟ್ಟಿತು, 1992ರಲ್ಲಿ ತೀರ್ಪು ಬಂತು. ಆಗ ಇಲ್ಲಿನ ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000, ಉಳಿದ ಕನ್ನಡಿಗರಿಗೆ 25,000, ಹೊರರಾಜ್ಯದವರಿಗೆ 60,000 ರೂಪಾಯಿ. ಅದು ಮೋಹಿನಿ ಜೈನ್ ಪ್ರಕರಣ. ಹೀಗೆ ದುಡ್ಡು ಕೀಳುವುದು ಕ್ಯಾಪಿಟೇಷನ್ನೇ, ಅದು ಕೂಡದು ಎಂದು ಕೋರ್ಟು ಹೇಳಿತು. ಮರುವರ್ಷ ಉನ್ನಿಕೃಷ್ಣನ್ ತೀರ್ಪಿನಲ್ಲಿ ಉಚಿತ ಸೀಟು, ಪೇಮೆಂಟ್ ಸೀಟು ಎಂಬ ಪದ್ಧತಿ ಬಂತು. ಅದರ ಬೆನ್ನಿಗೆ 1994ರಲ್ಲಿ ನಮ್ಮ ಸಿಇಟಿ. ಹಳ್ಳಿಯ ಎಷ್ಟೋ ಮಕ್ಕಳು ಡಾಕ್ಟರ್ ಆಗಿದ್ದು ಆ ವರ್ಷಗಳಲ್ಲಿ. 2002ರ ಟಿಎಂಎ ಪೈ ತೀರ್ಪು ಆ ಪದ್ಧತಿಯನ್ನು ಕೆಡವಿತು, 2005ರ ಇನಾಮ್ದಾರ್ ತೀರ್ಪು ಶೇ 15ರವರೆಗೆ ಎನ್‌ಆರ್‌ಐ ಸೀಟಿಗೆ ಒಪ್ಪಿಗೆ ಕೊಟ್ಟಿತು. ಇಷ್ಟಾದ ಮೇಲೆ ಬಾಗಿಲಿನ ಮುಂದೆ ನೀಟ್ ಬಂತು, ಒಳಗಿನ ರೇಟಿನ ಹಲಗೆ ಹಾಗೇ ಉಳಿಯಿತು. ಮೂವತ್ತು ವರ್ಷದಿಂದ ನಡೆಯುತ್ತಿರುವುದು ಒಂದೇ ಜಗಳ. ಹಾರ್ಕಿವ್ ಅದರ ಇತ್ತೀಚಿನ ಅಧ್ಯಾಯ.

ಯುದ್ಧ ಶುರುವಾಗುವ ಮೂರು ವಾರ ಮೊದಲು, 2022ರ ಫೆಬ್ರವರಿ 3ರಂದು, ಖಾಸಗಿ ಕಾಲೇಜುಗಳ ಅರ್ಧ ಸೀಟಿಗೆ ಸರ್ಕಾರಿ ಕಾಲೇಜಿನಷ್ಟೇ ಫೀಸು ಇರಬೇಕೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ ಮಾರ್ಗಸೂಚಿ ಹೊರಡಿಸಿತ್ತು. ಪ್ರಧಾನಿಯೂ ಮಾರ್ಚ್‌ನಲ್ಲಿ ಅದನ್ನು ಹೇಳಿದರು. ನಮ್ಮಲ್ಲಿ ಖಾಸಗಿ ಕೋಟಾದ ಫೀಸು ಆಮೇಲೂ ಏರುತ್ತಲೇ ಬಂದಿದೆ. ಆಗಿರುವ ಒಂದು ಒಳ್ಳೆಯ ಕೆಲಸ ಅಂದರೆ ಹಾವೇರಿಗೇ ಸರ್ಕಾರಿ ಮೆಡಿಕಲ್ ಕಾಲೇಜು ಬಂದದ್ದು, 2022–23ರಲ್ಲಿ, 150 ಸೀಟು.

ನನ್ನನ್ನು ಕೇಳಿದರೆ, ದೊಡ್ಡ ಸುಧಾರಣೆಗಳ ದಾರಿ ಕಾಯುವ ಮೊದಲು ಮಾಡಬಹುದಾದ ಸಣ್ಣ ಕೆಲಸಗಳಿವೆ. ಇಂಥ ಸಾಲಗಳಿಗೆ ಸರ್ಕಾರವೇ ಖಾತರಿ ನಿಂತರೆ ಸೈಟು ಇರುವ ಸೋದರಮಾವನನ್ನು ಹುಡುಕುವುದು ತಪ್ಪುತ್ತದೆ. ಈಗ ಸಾಲಕ್ಕೆ ಖಾತರಿ ಕೊಡುವ ಕೇಂದ್ರದ ನಿಧಿ ನಿಲ್ಲುವುದು ಏಳೂವರೆ ಲಕ್ಷದವರೆಗೆ ಮಾತ್ರ. ನೀಟ್‌ನಲ್ಲಿ ಕೂದಲೆಳೆಯಲ್ಲಿ ತಪ್ಪಿದ ಹಮಾಲಿಯ ಮಗನಿಗೆ ಒಂದು ವರ್ಷದ ಊಟ, ವಸತಿ, ಕೋಚಿಂಗ್ ಕೊಟ್ಟರೆ ಸರ್ಕಾರಕ್ಕೆ ಬೀಳುವ ಖರ್ಚು ಲಕ್ಷ ಚಿಲ್ಲರೆ. ಹೋಟೆಲಿನ ಹಾಲ್‌ಗಳಲ್ಲಿ ಸೀಟು ಮಾರುವವರು ಎಫ್‌ಎಂಜಿಇಯಲ್ಲಿ ಆ ವಿಶ್ವವಿದ್ಯಾಲಯದಿಂದ ಎಷ್ಟು ಜನ ಬರೆದರು, ಎಷ್ಟು ಜನ ಪಾಸಾದರು ಎಂಬುದನ್ನು ಫೋಲ್ಡರಿನ ಮೊದಲ ಪುಟದಲ್ಲೇ ಕನ್ನಡದಲ್ಲಿ ಅಚ್ಚು ಹಾಕಬೇಕು ಅಂತ ಒಂದು ಆದೇಶ ಸಾಕು. ದೇಶವಾರು, ಕಾಲೇಜುವಾರು ಅಂಕಿಅಂಶ ಪರೀಕ್ಷೆ ನಡೆಸುವವರ ಬಳಿಯೇ ಇದೆ.

ಮೊದಲನೇ ಹುಡುಗ ಸಮರ್‌ಕಂದದಲ್ಲಿ ಕೋರ್ಸು ಮುಗಿಸಿ ಬಂದಿದ್ದಾನೆ. ಎಫ್‌ಎಂಜಿಇಗೆ ಓದುತ್ತಿದ್ದಾನೆ, ಅದಕ್ಕೂ ಒಂದು ಕೋಚಿಂಗ್. ಪಾಸಾದರೆ ಇಂಟರ್ನ್‌ಶಿಪ್‌ಗೆ ಮತ್ತೆ ಸರದಿ, ಯಾಕೆಂದರೆ ಹೊರಗೆ ಓದಿದವರಿಗೆ ಕಾಲೇಜುಗಳಲ್ಲಿ ಇರುವ ಜಾಗ ಒಟ್ಟು ಸೀಟಿನ ಶೇ 7.5 ಅಷ್ಟೆ. ಸೈಟು ಇನ್ನೂ ಬ್ಯಾಂಕಿನಲ್ಲಿದೆ. ಎರಡನೇ ಹುಡುಗ 2023ರಲ್ಲಿ ನರ್ಸಿಂಗ್ ಮುಗಿಸಿ ಬೆಂಗಳೂರಿನ ಆಸ್ಪತ್ರೆಯೊಂದರ ಐಸಿಯುನಲ್ಲಿದ್ದಾನೆ. ತಂಗಿಯನ್ನು ಅವನೇ ಓದಿಸುತ್ತಿದ್ದಾನೆ. ಅವಳು ಈ ವರ್ಷ ದ್ವಿತೀಯ ಪಿಯುಸಿ, ಸೈನ್ಸ್. ಮೊನ್ನೆ ಫೋನ್ ಮಾಡಿ, "ಸರ್, ತಪ್ಪಿದ್ರ ಒಂದು ವರ್ಷ ಲಾಂಗ್ ಟರ್ಮ್ ಹಾಕ್ತೀನ್ರೀ, ಎಷ್ಟಾಕ್ಕೈತಿ ಕೇಳಿ ಹೇಳ್ರಿ" ಅಂದ. ವಿಚಾರಿಸುತ್ತಿದ್ದೇನೆ.

ಹುಬ್ಬಳ್ಳಿಯ ಸೆಮಿನಾರುಗಳು ನಿಂತಿಲ್ಲ. ಫೋಲ್ಡರಿನ ಮೇಲಿನ ಊರು ಬದಲಾಗಿದೆ: ತಾಷ್ಕೆಂಟ್, ಬಿಶ್ಕೆಕ್, ಟಿಬಿಲಿಸಿ. 2024ರ ಮೇನಲ್ಲಿ ಬಿಶ್ಕೆಕ್‌ನಲ್ಲಿ ಗುಂಪುಗಳು ಹೊರದೇಶದ ವಿದ್ಯಾರ್ಥಿಗಳ ಮೇಲೆ ಬಿದ್ದಾಗ ನಮ್ಮವರಿಗೆ ಹಾಸ್ಟೆಲಿನಿಂದ ಹೊರಗೆ ಬರಬೇಡಿ ಎಂದು ಹೇಳಬೇಕಾಯಿತು. 2025ರ ಜೂನ್‌ನಲ್ಲಿ ಇರಾನಿನಿಂದ ಕರೆತಂದವರಲ್ಲಿ ಮೆಡಿಕಲ್ ವಿದ್ಯಾರ್ಥಿಗಳಿದ್ದರು, ನಮ್ಮ ಗೌರಿಬಿದನೂರು ತಾಲ್ಲೂಕಿನ ಅಲೀಪುರದವರೂ ಇದ್ದರು. ಆಪರೇಷನ್ ಸಿಂಧು ಅಂತ ಆ ಕಾರ್ಯಾಚರಣೆಯ ಹೆಸರು. ಮುಂದಿನ ಹೋಟೆಲ್ ಸೆಮಿನಾರು ನೀಟ್ ಫಲಿತಾಂಶ ಬಂದ ವಾರವೇ ಇರುತ್ತದೆ, ಈ ಸಲ ನಾನು ಎಫ್‌ಎಂಜಿಇ ಪಾಸಿನ ಪಟ್ಟಿ ಪ್ರಿಂಟ್ ತೆಗೆದುಕೊಂಡೇ ಹೋಗುವವನಿದ್ದೇನೆ.